ಬಿಡುವಿಲ್ಲದ ದುಡಿಮೆಯಲ್ಲಿ ಪರಿಚಯದ ಬೆಲೆ

ಕೈಕಸುಬನ್ನೋ ಸಣ್ಣ ವ್ಯಾಪಾರವನ್ನೋ ನಂಬಿ ಬಾಳುವ ಕುಟುಂಬಗಳು ನಮ್ಮ ನಡುವೆ ಅನೇಕವಿವೆ. ಹೊಲಿಗೆ ಯಂತ್ರವೊಂದರಿಂದ ಮನೆ ನಡೆಸುವ ತಾಯಂದಿರು, ವಿದ್ಯುತ್ ಕೆಲಸ ಬಲ್ಲ ಯುವಕರು, ಗಾರೆ ಮತ್ತು ಮರಗೆಲಸದವರು, ಕಿರಾಣಿ ಅಂಗಡಿ ಇಟ್ಟವರು, ಮನೆಪಾಠ ಹೇಳುವ ಶಿಕ್ಷಕಿಯರು ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ. ಇವರಿಗೆ ಯಾರಾದರೂ 'ನಾಲ್ಕು ಜನರ ಪರಿಚಯ ಬೆಳೆಸಿಕೊಳ್ಳಿ, ವ್ಯಾಪಾರ ತಾನಾಗಿ ಬೆಳೆಯುತ್ತದೆ' ಎಂದರೆ, 'ಅದಕ್ಕೆ ಪುರಸೊತ್ತೆಲ್ಲಿದೆ?' ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಪರಿಚಯ ಬೆಳೆಸಲು ಪ್ರತ್ಯೇಕ ಸಮಯವೇ ಬೇಕೆಂಬ ಎಣಿಕೆ ಮಾತ್ರ ಸರಿಯಲ್ಲವೆಂದು ನಮಗೆ ತೋರುತ್ತದೆ.

ನಮ್ಮ ಜಿಲ್ಲೆಯ ವ್ಯಾಪಾರದ ನಡೆಯನ್ನು ಮೊದಲು ಗಮನಿಸಬೇಕು. ಮಾನ್ವಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗ ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರುಣಿಸುತ್ತವೆ. ಭತ್ತ, ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬಂದು ರೈತರ ಕೈಗೆ ಹಣ ಸೇರಿದಾಗ ಮನೆ ಕಟ್ಟುವ, ಮದುವೆ ಮಾಡುವ, ಬಟ್ಟೆ ಹೊಲಿಸುವ ಕೆಲಸಗಳು ಒಮ್ಮೆಲೇ ಹುಟ್ಟಿಕೊಳ್ಳುತ್ತವೆ. ಆಗ ಕಸುಬುದಾರನಿಗೆ ಉಸಿರಾಡಲೂ ವೇಳೆಯಿಲ್ಲ. ಸುಗ್ಗಿ ಮುಗಿದ ಮೇಲೆ ವೇಳೆಯುಂಟು, ಕೆಲಸವಿಲ್ಲ. ಮಳೆ ಅಥವಾ ಕಾಲುವೆಯ ನೀರು ಕೈಕೊಟ್ಟ ವರ್ಷದಲ್ಲಂತೂ ಕಷ್ಟ ಇಮ್ಮಡಿಯಾಗುತ್ತದೆ. ಕೊನೆಗೆ ಕಸುಬು ಬಲ್ಲ ಮಗನೂ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೊರಡುತ್ತಾನೆ. ಅವನು ಮಾಡಬಹುದಾಗಿದ್ದ ಕೆಲಸ ಕೆಲವೊಮ್ಮೆ ಪಕ್ಕದ ಓಣಿಯಲ್ಲಿಯೇ ಇದ್ದಿರುತ್ತದೆ. ಕೊಡುವವನಿಗೆ ಇವನ ಗುರುತಿಲ್ಲ, ಇವನಿಗೆ ಅವನ ಗುರುತಿಲ್ಲ. ಪರಿಚಯದ ಕೊರತೆಗೆ ನಾವು ತೆರುವ ಬೆಲೆ ಇಷ್ಟು ದೊಡ್ಡದು.

ಸಂತ ಪೌಲರ ಜೀವನ ಇಲ್ಲಿ ನೆನಪಾಗುತ್ತದೆ. ಅವರು ಡೇರೆ ಹೊಲಿಯುವ ಕಸುಬಿನವರು. ಕೊರಿಂಥ ಪಟ್ಟಣಕ್ಕೆ ಹೊಸಬರಾಗಿ ಬಂದಾಗ ಅದೇ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಮನೆಯಲ್ಲಿ ತಂಗಿ, ಅವರೊಡನೆ ದುಡಿದರೆಂದು ಪ್ರೇಷಿತರ ಕಾರ್ಯಕಲಾಪಗಳ ಗ್ರಂಥ ತಿಳಿಸುತ್ತದೆ. ಆ ಸ್ನೇಹಕ್ಕಾಗಿ ಅವರು ದುಡಿಮೆಯನ್ನು ಬದಿಗಿಡಲಿಲ್ಲ; ಸ್ನೇಹ ದುಡಿಮೆಯ ನಡುವೆಯೇ ಬೆಳೆಯಿತು.

ಇನ್ನೊಂದು ನಿದರ್ಶನ ದೂರದ ಕೆನಡಾ ದೇಶದ್ದು. ಅಲ್ಲಿನ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಮೋಸೆಸ್ ಕೋಡಿ ಎಂಬ ಧರ್ಮಗುರುಗಳು 1928ರಲ್ಲಿ ಆರಂಭವಾದ ಸಂತ ಫ್ರಾನ್ಸಿಸ್ ಜೇವಿಯರ್ ವಿಶ್ವವಿದ್ಯಾನಿಲಯದ ವಿಸ್ತರಣಾ ವಿಭಾಗವನ್ನು ನಡೆಸಿದರು. ಅವರ ಜನರು ಮೀನುಗಾರರು, ಗಣಿ ಕಾರ್ಮಿಕರು, ಬಡ ರೈತರು, ಬಿಡುವೆಂಬುದನ್ನು ಕಾಣದವರು. ದೊಡ್ಡ ಸಭೆಗಳನ್ನಷ್ಟೇ ನೆಚ್ಚಿಕೊಳ್ಳದೆ, ನೆರೆಹೊರೆಯ ಕೆಲವರು ಸಂಜೆಯ ವೇಳೆ ಒಂದು ಮನೆಯಲ್ಲಿ ಕೂಡಿ ತಮ್ಮ ಕಸುಬಿನ ಕಷ್ಟಸುಖ ಚರ್ಚಿಸುವ ಚಿಕ್ಕ ಚಿಕ್ಕ ಅಧ್ಯಯನ ಕೂಟಗಳನ್ನು ಅಲ್ಲಿ ಬೆಳೆಸಲಾಯಿತು. ಆ ಕೂಟಗಳಿಂದ ಸಾಲ ಸಹಕಾರ ಸಂಘಗಳೂ ಮೀನುಗಾರರ ಸ್ವಂತ ಸಂಸ್ಕರಣಾ ಘಟಕಗಳೂ ಮೂಡಿದವು. ನಮ್ಮ ನಾಡಿಗೂ ಇದು ಹೊಸತಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಪರಸ್ಪರ ಬಲ್ಲವರ ನಂಬಿಕೆಯೇ ಇವುಗಳ ಮೊದಲ ಬಂಡವಾಳ.

ಹಾಗಾದರೆ ಇಂದು ನಾವು ಮಾಡಬಹುದಾದುದೇನು? ತಿಂಗಳಿಗೊಂದು ಭಾನುವಾರ ಪೂಜೆಯ ಅನಂತರ ಅರ್ಧ ಗಂಟೆ ಕೂಡುವುದು ಯಾರಿಗೂ ಹೊರೆಯಾಗದು. ಆ ಹೊತ್ತಿನಲ್ಲಿ ಪ್ರತಿಯೊಬ್ಬರೂ ಮೂರೇ ಮಾತು ಹೇಳಲಿ: ನಾನು ಮಾಡುವ ಕೆಲಸ ಇದು, ನನಗೆ ಬೇಕಾದ ನೆರವು ಇದು, ನಾನು ಪರಿಚಯಿಸಬಲ್ಲವರು ಇವರು. ಒಬ್ಬರು ಅದನ್ನು ಒಂದು ವಹಿಯಲ್ಲಿ ಬರೆದಿಡಲಿ. ಸುಗ್ಗಿಗೆ ಎರಡು ತಿಂಗಳು ಮೊದಲೇ ಇದು ನಡೆದರೆ ಇನ್ನೂ ಒಳಿತು. ಉಳಿದ ದಿನಗಳಲ್ಲಿ ಬಸ್ಸಿಗೆ ಕಾಯುವಾಗ, ಸಂತೆಯಿಂದ ಮರಳುವಾಗ ವಾರಕ್ಕೊಬ್ಬರಿಗೆ ಫೋನು ಮಾಡಿ ಯೋಗಕ್ಷೇಮ ವಿಚಾರಿಸಿದರೆ ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರು ಶುಭೋದಯಗಳನ್ನು ಕಳುಹಿಸುವುದಕ್ಕಿಂತ ಐದು ನಿಮಿಷದ ಆ ಮಾತು ಮೇಲು.

ಪರಿಚಯವೆಂದರೆ ಕೇಳುವುದು ಮಾತ್ರವಲ್ಲ, ಕೊಡುವುದೂ ಹೌದು. ನಿಮ್ಮ ಗಿರಾಕಿಗೆ ಒಳ್ಳೆಯ ಬಡಗಿ ಬೇಕಾಗಿದ್ದರೆ ಹೆಸರು ಹೇಳಿ. ನಿಮ್ಮನ್ನು ಯಾರಾದರೂ ಶಿಫಾರಸು ಮಾಡಿದರೆ ಹೇಳಿದ ದಿನಕ್ಕೆ, ಹೇಳಿದ ಬೆಲೆಗೆ ಕೆಲಸ ಮುಗಿಸಿ, ಶಿಫಾರಸು ಮಾಡಿದವರಿಗೆ ಒಂದು ಮಾತು ತಿಳಿಸಿ. ಅವರು ಪಣವಾಗಿಟ್ಟದ್ದು ತಮ್ಮ ಸ್ವಂತ ಮರ್ಯಾದೆಯನ್ನು. ನಮ್ಮವರೆಂಬ ಒಂದೇ ಕಾರಣಕ್ಕೆ ಕಳಪೆ ಕೆಲಸವನ್ನು ಸಹಿಸಿಕೊಳ್ಳಬೇಕೆಂದು ಯಾರೂ ನಿರೀಕ್ಷಿಸಬಾರದು.

ನಮ್ಮ ವರ್ತುಲದೊಳಗೇ ಸುತ್ತುತ್ತಿರುವುದೂ ಹಿತವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸಂಗತಿಯನ್ನು ತೋರಿಸಿದರು: ಪರಿಚಯದ ಮೂಲಕ ಹೊಸ ಕೆಲಸ ಪಡೆದವರಲ್ಲಿ ಹೆಚ್ಚಿನವರಿಗೆ ಅದರ ಸುದ್ದಿ ತಲುಪಿದ್ದು ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರಿಂದ. ಕಾರಣ ಸರಳ. ನಮ್ಮ ಆಪ್ತರು ಬಲ್ಲ ಸುದ್ದಿಯನ್ನು ನಾವೂ ಬಲ್ಲೆವು. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ದರ್ಜಿ, ಬಡಗಿ, ಗಾರೆಯವರು ಸೇರಿದಂತೆ 18 ಕಸುಬುಗಳಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಶೇ. 5ರ ಬಡ್ಡಿಯ ಸಾಲವನ್ನು ಸಾರಿದೆ. ಇಂತಹ ಸುದ್ದಿ ಬರುವುದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿಬಂದ ಯಾರೋ ಒಬ್ಬ ಪರಿಚಿತರಿಂದ. ಅವರು ಹಿಂದೂ ಸೋದರರಿರಬಹುದು, ಮುಸ್ಲಿಂ ಸೋದರರಿರಬಹುದು. ಎಲ್ಲರೊಂದಿಗೆ ಬಾಳುವ ಊರಿನಲ್ಲಿ ಎಲ್ಲರ ಗುರುತೂ ನಮಗಿರಬೇಕು.

ಎರಡು ಎಚ್ಚರಿಕೆಗಳನ್ನು ಹೇಳದಿರಲಾಗದು. ಮೊದಲನೆಯದು, ಪರಿಚಯವನ್ನೇ ಮಾರಾಟಕ್ಕಿಡುವವರ ಬಗ್ಗೆ. 'ನೀವು ಸೇರಿ, ಇನ್ನಷ್ಟು ಜನರನ್ನು ಸೇರಿಸಿ, ಕುಳಿತಲ್ಲೇ ಹಣ ಬರುತ್ತದೆ' ಎನ್ನುವವರು ಮೊದಲು ಹುಡುಕುವುದು ಬಂಧುಬಳಗವನ್ನೇ. ಹಣ ಚಲಾವಣೆಯ ಇಂತಹ ಯೋಜನೆಗಳನ್ನು 1978ರ ಕಾನೂನು ನಿಷೇಧಿಸಿದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾನೂನು ನಿಷೇಧಿಸಿದೆ. ಹೋದ ಹಣವನ್ನು ಮತ್ತೆ ದುಡಿಯಬಹುದು, ಮುರಿದ ನಂಬಿಕೆಯನ್ನು ದುಡಿಯಲಾಗದು. ಎರಡನೆಯದು, ದೇವಾಲಯದ ಬಗ್ಗೆ. ದೇವಾಲಯದಿಂದ ವ್ಯಾಪಾರಿಗಳನ್ನು ಯೇಸುಸ್ವಾಮಿ ಹೊರಗಟ್ಟಿದ ಘಟನೆಯನ್ನು ನಾವು ಮರೆಯಲಾಗದು. ಪೂಜೆಯ ಹೊತ್ತು ದೇವರದು, ಭಾನುವಾರದ ಮಧ್ಯಾಹ್ನ ಮಡದಿಮಕ್ಕಳದು. ಅರ್ಧ ಗಂಟೆ ಎಂದ ಮೇಲೆ ಅರ್ಧ ಗಂಟೆಯೇ ಆಗಲಿ. ಗಿರಾಕಿಯನ್ನು ಹುಡುಕುವ ಕಣ್ಣಿನಿಂದಲೇ ನೆರೆಯವರನ್ನು ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆಯದಿರಲಿ.

ಪ್ರತಿ ಭಾನುವಾರ ಒಂದೇ ಬಲಿಪೀಠದ ಮುಂದೆ ಮಂಡಿಯೂರುವ ನಾವು ಪಕ್ಕದಲ್ಲಿರುವವರು ಹೊಟ್ಟೆಗೇನು ಮಾಡುತ್ತಾರೆಂಬುದನ್ನು ಎಷ್ಟರಮಟ್ಟಿಗೆ ಬಲ್ಲೆವು? ರಾಯಚೂರು, ದೇವದುರ್ಗ, ಮಾನ್ವಿಗಳ ಕುಟುಂಬಗಳು ಈ ಪ್ರಶ್ನೆಯನ್ನು ತಮ್ಮಲ್ಲೇ ಕೇಳಿಕೊಳ್ಳಲಿ. ಮುಂದಿನ ಸುಗ್ಗಿಯ ವೇಳೆಗೆ ಪ್ರತಿಯೊಂದು ಮನೆಯೂ ಇನ್ನೊಂದು ಮನೆಗೆ ಒಂದು ಕೆಲಸವನ್ನು ಒದಗಿಸಿಕೊಡುವಂತಾದರೆ, ಗುಳೆ ಹೊರಡುವ ಬಸ್ಸಿನಲ್ಲಿ ನಮ್ಮ ಮಕ್ಕಳ ಸಂಖ್ಯೆ ಅಷ್ಟಾದರೂ ಕಡಿಮೆಯಾದೀತು.