ಉಪ್ಪಿನ ಋಣ

ಲೋಕಸಭೆ ಎಂದೊಡನೆ ವಾಚಕರ ಕಣ್ಣಿಗೆ ಕಟ್ಟುವವರು ಮಂತ್ರಿಗಳು, ವಿರೋಧಪಕ್ಷದ ನಾಯಕರು, ಎತ್ತರದ ಪೀಠದಲ್ಲಿ ಕುಳಿತು ಗದ್ದಲವನ್ನು ಅಡಗಿಸಲು ಯತ್ನಿಸುವ ಸಭಾಧ್ಯಕ್ಷರು. ಆ ಪೀಠದ ಕೆಳಗೆ ಮೇಜಿನ ಬಳಿ ಮೌನವಾಗಿ ಕುಳಿತಿರುವ ಅಧಿಕಾರಿಗಳನ್ನು ಗಮನಿಸುವವರು ವಿರಳ. ಅವರು ಭಾಷಣ ಮಾಡುವುದಿಲ್ಲ, ಮತ ಹಾಕುವುದಿಲ್ಲ. ಆದರೂ ಅವರಿಲ್ಲದೆ ಸಭೆ ಒಂದು ದಿನವೂ ನಡೆಯದು.

ಸದಸ್ಯರು ಕಳುಹಿಸುವ ಪ್ರಶ್ನೆಗಳು ಮೊದಲು ಬಂದು ಸೇರುವುದು ಲೋಕಸಭೆಯ ಸಚಿವಾಲಯಕ್ಕೆ. ದಿನವೊಂದಕ್ಕೆ ಬಾಯಿಮಾತಿನ ಉತ್ತರಕ್ಕೆ 20, ಲಿಖಿತ ಉತ್ತರಕ್ಕೆ 230 ಪ್ರಶ್ನೆಗಳಿಗೆ ಮಾತ್ರ ಅವಕಾಶ. ನಿಯಮಕ್ಕೆ ಒಪ್ಪುವ ಪ್ರಶ್ನೆ ಯಾವುದು, ಒಪ್ಪದ್ದು ಯಾವುದು ಎಂಬುದನ್ನು ಪರಿಶೀಲಿಸಿ ಸಭಾಧ್ಯಕ್ಷರ ಮುಂದಿಡುವವರು ಈ ಸಿಬ್ಬಂದಿಯವರೇ. ಕಾರ್ಯಕಲಾಪದ ಪಟ್ಟಿ, ಆಡಿದ ಮಾತಿನ ಅಕ್ಷರಶಃ ವರದಿ, ಸಮಿತಿಗಳ ಕಡತ, ಗ್ರಂಥಾಲಯ, ಇವೆಲ್ಲವೂ ಇವರ ಹೊಣೆ. ನಮ್ಮ ನಾಡಿನ ಸದಸ್ಯರೊಬ್ಬರು ಕನ್ನಡದಲ್ಲಿ ಮಾತನಾಡಿದರೆ ಅದನ್ನು ಆ ಕ್ಷಣವೇ ಬೇರೆ ಭಾಷೆಗೆ ತಿರುಗಿಸಿ ಹೇಳುವವರೂ ಇಲ್ಲಿಯವರೇ.

‘ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ’ ಎಂಬುದು ಹಿರಿಯರ ಮಾತು. ಹಾಗಾದರೆ ಈ ನೌಕರವರ್ಗಕ್ಕೆ ಉಪ್ಪಿಕ್ಕುವವರು ಯಾರು? ಮಂತ್ರಿಯ ಮುಖ ಕೆಂಪೇರಿಸುವ ಪ್ರಶ್ನೆಯೊಂದು ಬಂದಾಗ, ಅದನ್ನು ಪರಿಶೀಲಿಸುವ ಗುಮಾಸ್ತನ ಬಡ್ತಿ ಅದೇ ಮಂತ್ರಿಯ ಕೈಯಲ್ಲಿದ್ದರೆ ಆ ಪ್ರಶ್ನೆಯ ಗತಿ ಏನಾದೀತು? ಇದು ಕೇವಲ ಊಹೆಯ ಮಾತಲ್ಲ. ಆಂಗ್ಲರ ಆಳ್ವಿಕೆಯಲ್ಲಿ ಕೇಂದ್ರ ಶಾಸನಸಭೆಯನ್ನು ನಿಜವಾಗಿ ಕಾಡಿದ ತೊಡಕು.

1925ರಲ್ಲಿ ವಿಠಲಭಾಯಿ ಪಟೇಲರು ಆ ಸಭೆಯ ಪ್ರಥಮ ಚುನಾಯಿತ ಅಧ್ಯಕ್ಷರಾದರು. ಪೀಠವೇನೋ ದೊರೆಯಿತು, ಆದರೆ ಪೀಠದ ಕೆಳಗಿದ್ದ ಕಾರ್ಯದರ್ಶಿ ಸರ್ಕಾರದ ಶಾಸನ ಇಲಾಖೆಯ ಅಧಿಕಾರಿ. ಸರ್ಕಾರದ ಮಸೂದೆಗಳನ್ನು ರಚಿಸುತ್ತಿದ್ದ ಇಲಾಖೆಯೇ ಆ ಮಸೂದೆಗಳ ಚರ್ಚೆಯಲ್ಲಿ ಅಧ್ಯಕ್ಷರಿಗೆ ಸಲಹೆ ನೀಡಬೇಕಾಗಿತ್ತು! ಇದು ವಾದಿಯ ವಕೀಲನೇ ನ್ಯಾಯಾಧೀಶರ ಕಿವಿಯಲ್ಲಿ ಪಿಸುಗುಟ್ಟಿದಂತೆ. ಪಟೇಲರು ಇದನ್ನು ಸಹಿಸಲಿಲ್ಲ. 1928ರ ಸೆಪ್ಟೆಂಬರಿನಲ್ಲಿ ಪಂಡಿತ ಮೋತಿಲಾಲ ನೆಹರೂ ಅವರು ಪ್ರತ್ಯೇಕ ಇಲಾಖೆಗಾಗಿ ಮಂಡಿಸಿದ ನಿರ್ಣಯವನ್ನು ಸಭೆ ಅಂಗೀಕರಿಸಿತು. 1929ರ ಜನವರಿ 10ರಂದು ಶಾಸನಸಭೆಯ ಸ್ವಂತ ಇಲಾಖೆ ಜನ್ಮತಾಳಿತು.

ಕಡತದ ಪ್ರಶ್ನೆ ಮುಗಿಯುವಷ್ಟರಲ್ಲಿ ಬಾಗಿಲಿನ ಪ್ರಶ್ನೆ ಎದ್ದಿತು. ಅದೇ ವರ್ಷದ ಏಪ್ರಿಲ್ 8ರಂದು ಭಗತ್‌ಸಿಂಗ್ ಮತ್ತು ಬಟುಕೇಶ್ವರ ದತ್ತರು ಸಭೆಯಲ್ಲಿ ಬಾಂಬೆಸೆದರು. ಭದ್ರತೆಗೆಂದು ಸರ್ಕಾರ ತನ್ನ ಪೊಲೀಸರನ್ನು ಒಳಗಿರಿಸಹೊರಟಿತು. ಸಭಾಂಗಣದೊಳಗೆ ಅಧ್ಯಕ್ಷರ ಆಜ್ಞೆಯಲ್ಲದೆ ಬೇರೊಬ್ಬರ ಆಜ್ಞೆ ಸಲ್ಲದೆಂಬುದು ಪಟೇಲರ ನಿಲುವು. 1930ರ ಜನವರಿಯಲ್ಲಿ ಅವರು ಪ್ರೇಕ್ಷಕರ ಗ್ಯಾಲರಿಗಳನ್ನೇ ಮುಚ್ಚಿಸಿದರು. ಕೊನೆಗೆ ಸರ್ಕಾರವೇ ಸಂಧಾನಕ್ಕೆ ಬರಬೇಕಾಯಿತು. ಸಭೆಗೆ ತನ್ನದೇ ಆದ ‘ವಾಚ್ ಅಂಡ್ ವಾರ್ಡ್’ ಕಾವಲುಪಡೆ ಬೆಳೆದುಬಂದದ್ದು ಈ ಕಾಲದಿಂದ. 2001ರ ಡಿಸೆಂಬರ್ 13ರ ದಾಳಿಯಲ್ಲಿ ಪ್ರಾಣತೆತ್ತವರಲ್ಲಿ ಈ ಪಡೆಯ ಇಬ್ಬರೂ ಇದ್ದರು.

ಪಟೇಲರು ಹಾಕಿದ ಅಡಿಪಾಯದ ಮೇಲೆ ಸಂವಿಧಾನ ಕಟ್ಟಡವನ್ನೆಬ್ಬಿಸಿತು. ಸಂಸತ್ತಿನ ಪ್ರತಿಯೊಂದು ಸದನಕ್ಕೂ ಪ್ರತ್ಯೇಕ ಸಿಬ್ಬಂದಿ ಇರತಕ್ಕದ್ದೆಂದು 98ನೆಯ ಅನುಚ್ಛೇದ ವಿಧಿಸುತ್ತದೆ. ಲೋಕಸಭೆಯ ಮಹಾಕಾರ್ಯದರ್ಶಿಯನ್ನು ನೇಮಿಸುವವರು ಸಭಾಧ್ಯಕ್ಷರು. ಆತ ಉತ್ತರ ಹೇಳಬೇಕಾದದ್ದೂ ಅವರಿಗೇ. ಎಂ. ಎನ್. ಕೌಲ್, ಎಸ್. ಎಲ್. ಶಕ್ಧರ್ ಅವರಂಥ ಕಾರ್ಯದರ್ಶಿಗಳು ಈ ಸ್ಥಾನಕ್ಕೆ ಘನತೆ ತಂದರು. ಸಂಸದೀಯ ಪದ್ಧತಿಯನ್ನು ಕುರಿತು ಅವರಿಬ್ಬರೂ ಕೂಡಿ ಬರೆದ ಗ್ರಂಥ ಇಂದಿಗೂ ಪ್ರಮಾಣವೆನಿಸಿದೆ.

ಹಾಗೆಂದು ಕೆಲಸ ಪೂರ್ಣವಾಯಿತೆನ್ನುವಂತಿಲ್ಲ. ಈ ನೌಕರರ ನೇಮಕ ಮತ್ತು ಸೇವಾನಿಯಮಗಳನ್ನು ಸಂಸತ್ತು ಕಾಯಿದೆಯ ಮೂಲಕ ನಿಗದಿಪಡಿಸಬಹುದೆಂದು ಅದೇ ಅನುಚ್ಛೇದ ಹೇಳುತ್ತದೆ. ಆ ಕಾಯಿದೆ ಇಂದಿಗೂ ಬಂದಿಲ್ಲ. ರಾಷ್ಟ್ರಪತಿಯವರು ಸಭಾಧ್ಯಕ್ಷರೊಡನೆ ಸಮಾಲೋಚಿಸಿ ರಚಿಸಿದ 1955ರ ನಿಯಮಗಳೇ ತಳಹದಿ. ಸಭೆಯಲ್ಲಿಯೇ ದುಡಿದು ಮೇಲೇರಿದವರ ಬದಲು, ಸರ್ಕಾರದ ಆಡಳಿತ ಸೇವೆಯಲ್ಲಿ ಆಯುಷ್ಯ ಸವೆಸಿದವರು ಮಹಾಕಾರ್ಯದರ್ಶಿಗಳಾಗಿ ಬಂದಿರುವುದೂ ಉಂಟು. 2023ರ ಡಿಸೆಂಬರ್ 13ರಂದು ಇಬ್ಬರು ಗ್ಯಾಲರಿಯಿಂದ ಸಭಾಂಗಣಕ್ಕೆ ಧುಮುಕಿದ ತರುವಾಯ, 2024ರ ಮೇ ತಿಂಗಳಿನಿಂದ ಸಂಸತ್ತಿನ ಆವರಣದ ಭದ್ರತೆ ಗೃಹ ಮಂತ್ರಾಲಯದ ಅಧೀನದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಸೇರಿತು. ಕಾವಲು ಬಿಗಿಯಾಗಬೇಕೆಂಬುದನ್ನು ಅಲ್ಲಗಳೆಯುವವರಾರು? ಆದರೆ ಪಟೇಲರು ಕೇಳಿದ ಪ್ರಶ್ನೆ ಕಾವಲುಗಾರನ ಶಕ್ತಿಯದಾಗಿರಲಿಲ್ಲ. ಆತ ಯಾರ ಮಾತು ಕೇಳತಕ್ಕವನು ಎಂಬುದಾಗಿತ್ತು.

ಬೆಂಗಳೂರಿನ ವಿಧಾನಸೌಧಕ್ಕೂ ಈ ಮಾತು ಸಲ್ಲುತ್ತದೆ. 187ನೆಯ ಅನುಚ್ಛೇದದ ಮೇರೆಗೆ ಅಲ್ಲಿಯ ವಿಧಾನಸಭೆಗೂ ವಿಧಾನಪರಿಷತ್ತಿಗೂ ಬೇರೆ ಬೇರೆ ಸಚಿವಾಲಯಗಳಿವೆ. ಅದೇ ಕಟ್ಟಡದಲ್ಲಿ ಮಂತ್ರಿಗಳ ಕೊಠಡಿಗಳೂ ಇವೆ. ಒಂದೇ ಸೂರಿನ ಕೆಳಗಿದ್ದರೂ ಇವು ಒಂದೇ ಸಂಸಾರವಲ್ಲ. ಪ್ರಜೆಗಳು ತಮ್ಮ ಪ್ರತಿನಿಧಿಯ ಮೂಲಕ ಕೇಳುವ ಪ್ರಶ್ನೆ ಮೇಜಿನ ಖಾನೆಯಲ್ಲಿ ಅಡಗಿಹೋಗದೆ ಮಂತ್ರಿಯ ಮುಂದೆ ಬರಬೇಕಾದರೆ, ಅದನ್ನು ಹೊತ್ತು ತರುವ ಗುಮಾಸ್ತ ಸಭೆಯ ಉಪ್ಪನ್ನೇ ಉಂಡವನಾಗಿರಬೇಕು.