ಪಾಠಕೇಂದ್ರದ ಉಪಾಧ್ಯಾಯರು

ಜೂನ್ ತಿಂಗಳು ಬಂದಿತೆಂದರೆ, ಮಕ್ಕಳನ್ನು ಯಾವ ಪಾಠಕೇಂದ್ರಕ್ಕೆ ಸೇರಿಸತಕ್ಕದ್ದೆಂಬ ಆಲೋಚನೆಯು ಗೃಹಸ್ಥರನ್ನು ಕಾಡತೊಡಗುವುದಷ್ಟೆ. ಶುಲ್ಕವೆಷ್ಟು, ಮನೆಯಿಂದ ದೂರವೆಷ್ಟು, ಕಳೆದ ಸಾಲಿನಲ್ಲಿ ಎಷ್ಟು ಮಂದಿ ತೇರ್ಗಡೆಯಾದರು ಎಂಬುದನ್ನೆಲ್ಲ ನಾವು ಕೂಲಂಕಷವಾಗಿ ವಿಚಾರಿಸುವೆವು. ಪಾಠ ಹೇಳುವವರಿಗೆ ಕೇಂದ್ರದವರು ಏನು ಕೊಡುವರೆಂದು ಕೇಳುವವರು ವಿರಳ. ಅದು ಪರರ ಮನೆಯ ಮಾತೆಂದು ಸುಮ್ಮನಾಗುವುದೇ ವಾಡಿಕೆ. ಆದರೆ ಡಿಸೆಂಬರಿನಲ್ಲಿ ಗಣಿತದ ಉಪಾಧ್ಯಾಯಿನಿಯು ಕೆಲಸ ಬಿಟ್ಟುಹೋಗಿ, ಹೊಸಬರು ಬಂದು ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಪರೀಕ್ಷೆಯೂ ಬಂದು ನಿಂತಾಗ, ಅದು ನಮ್ಮ ಮನೆಯ ಮಾತೇ ಆಗುವುದು.

ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಇಂಥ ಕೇಂದ್ರಗಳಿಗೆ ಕೆಲಸವಿಲ್ಲ. ಆದುದರಿಂದ ಉಪಾಧ್ಯಾಯರ ದಿನವು ಮುಂಜಾನೆಯೊಂದು ತುಂಡು, ಸಂಜೆಯೊಂದು ತುಂಡಾಗಿ ಒಡೆದುಹೋಗಿರುತ್ತದೆ. ನಡುವಣ ಹೊತ್ತು ಸಂಬಳಕ್ಕೆ ಸೇರದು, ಬೇರೆ ಉದ್ಯೋಗಕ್ಕೂ ಒದಗದು. ತನ್ನ ಮಕ್ಕಳು ಶಾಲೆಯಿಂದ ಮನೆಗೆ ಬರುವ ವೇಳೆಗೆ ತಾಯಿಯು ಪರರ ಮಕ್ಕಳಿಗೆ ಪಾಠ ಹೇಳಲು ಹೊರಟಿರುವಳು.

ಇನ್ನು ಸಂಬಳದ ಲೆಕ್ಕ. ಹಲವೆಡೆ ಪಾಠ ಹೇಳಿದ ಗಂಟೆಗೆ ಇಷ್ಟೆಂದು ಕೊಡುವ ಪದ್ಧತಿಯಿದೆ. ಗಂಟೆಗೆ ೩೦೦ ರೂಪಾಯಿ, ವಾರಕ್ಕೆ ೧೮ ಗಂಟೆ ಎಂದು ಭಾವಿಸೋಣ. ೫,೪೦೦ ರೂಪಾಯಿ ಕೈಗೆ ಬಂದಿತು. ತಲಾ ೩೦ ಮಕ್ಕಳ ಮೂರು ತರಗತಿಗಳಿಗೆ ವಾರಕ್ಕೊಂದು ಕಿರುಪರೀಕ್ಷೆ ನಡೆದರೆ ತಿದ್ದಬೇಕಾದ ಉತ್ತರಪತ್ರಿಕೆಗಳು ೯೦. ಒಂದಕ್ಕೆ ಎಂಟೇ ನಿಮಿಷವೆಂದರೂ ೧೨ ಗಂಟೆ. ಪಾಠದ ಸಿದ್ಧತೆಗೆ ೬ ಗಂಟೆ ಸೇರಿಸಿರಿ. ದುಡಿಮೆಯು ೩೬ ಗಂಟೆಯಾಯಿತು. ಮುನ್ನೂರರ ದರವು ನೂರೈವತ್ತಕ್ಕೆ ಇಳಿಯಿತು. ಕೆಂಪು ಶಾಯಿಯ ಖರ್ಚನ್ನು ನಾವು ಹಿಡಿದಿಲ್ಲ! ಬೇಸಿಗೆಯ ರಜೆಯಲ್ಲಿ ತರಗತಿಗಳು ನಿಂತರೆ ಗಂಟೆಗಳೂ ಇಲ್ಲ, ಹಣವೂ ಇಲ್ಲ.

ಕಾನೂನು ಏನೆನ್ನುವುದೆಂದು ವಾಚಕರು ಕೇಳಬಹುದು. ಇಲ್ಲಿ ಒಂದು ವಿಚಿತ್ರವುಂಟು. ತೆರಿಗೆಯ ಕಣ್ಣಿಗೆ ಪಾಠಕೇಂದ್ರವು ವ್ಯಾಪಾರವೇ ಸರಿ. ವರ್ಷದ ವಹಿವಾಟು ೨೦ ಲಕ್ಷ ರೂಪಾಯಿ ಮೀರಿದ ಕೇಂದ್ರವು ಶುಲ್ಕದ ಮೇಲೆ ನೂರಕ್ಕೆ ೧೮ರಂತೆ ಸರಕು ಮತ್ತು ಸೇವಾ ತೆರಿಗೆಯನ್ನು ತೆರಬೇಕು, ಶಾಲೆಯ ಶುಲ್ಕಕ್ಕಿರುವ ವಿನಾಯಿತಿ ಇದಕ್ಕಿಲ್ಲ. ೧೯೭೮ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣಸಂಸ್ಥೆಗಳನ್ನೂ ಉದ್ಯಮವೆಂದೇ ಎಣಿಸಿತು. ಆದರೆ ೧೯೮೮ರಲ್ಲಿ, ಗೋವೆಯ ಶಾಲೆಯೊಂದರಿಂದ ತೆಗೆದುಹಾಕಲ್ಪಟ್ಟ ಉಪಾಧ್ಯಾಯಿನಿಯೊಬ್ಬರ ವ್ಯಾಜ್ಯದಲ್ಲಿ, ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಉಪಾಧ್ಯಾಯರು ಕಾರ್ಮಿಕರಲ್ಲವೆಂದು ಅದೇ ನ್ಯಾಯಾಲಯವು ತೀರ್ಪಿತ್ತಿತು. ಸಂಸ್ಥೆಯು ಉದ್ಯಮವಾಯಿತು, ಒಳಗೆ ದುಡಿಯುವವರು ಮಾತ್ರ ಹೊರಗುಳಿದರು. ವಿದ್ಯಾದಾನವು ಉದಾತ್ತವೆಂಬುದು ನಿಜವೇ. ಆ ಔದಾತ್ಯದಿಂದ ಮನೆಬಾಡಿಗೆ ತೀರುವುದೆಂತು?

ಗ್ರಾಚ್ಯುಯಿಟಿ ಎಂಬ ಸೇವಾಂತ್ಯದ ಇಡಿಗಂಟಿನ ವಿಷಯದಲ್ಲಿ ಸ್ಥಿತಿಯು ತುಸು ಸುಧಾರಿಸಿತು. ೨೦೦೯ರ ತಿದ್ದುಪಡಿಯು ಉಪಾಧ್ಯಾಯರನ್ನು ಅದರೊಳಗೆ ಸೇರಿಸಿತು, ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ವರ್ಷಕ್ಕೊಮ್ಮೆ ಹೊಸ ಕರಾರು ಬರೆದು, ಸಂಬಳವನ್ನು ‘ವೃತ್ತಿಶುಲ್ಕ’ವೆಂದು ಕರೆಯುವ ಕಡೆಗಳಲ್ಲಿ, ಉಪಾಧ್ಯಾಯರು ನೌಕರರೇ ಅಲ್ಲವೆಂಬ ವಾದವು ಮೊದಲೇ ಸಿದ್ಧವಾಗಿರುತ್ತದೆ, ಭವಿಷ್ಯನಿಧಿಯೂ ಅದರೊಂದಿಗೆ ಜಾರಿಹೋಗುವುದು. ೨೦೨೪ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ಕೂಡದೆಂದೂ, ವಾರದ ರಜೆಯು ವಿದ್ಯಾರ್ಥಿಗಳಂತೆ ಉಪಾಧ್ಯಾಯರಿಗೂ ಇರಬೇಕೆಂದೂ ಹೇಳಿತು. ಅವರಿಗೆಷ್ಟು ಕೊಡಬೇಕೆಂಬುದನ್ನು ಅದು ಗೊತ್ತುಪಡಿಸಲಿಲ್ಲ.

ಕೇಂದ್ರದ ಯಜಮಾನರಿಗೂ ಕಷ್ಟಗಳಿಲ್ಲದಿಲ್ಲ. ಕಟ್ಟಡದ ಬಾಡಿಗೆ, ಜಾಹೀರಾತು, ಶುಲ್ಕ ಬಾಕಿಯಿಟ್ಟು ನಡುವೆಯೇ ಮಾಯವಾಗುವ ಮಹನೀಯರು (ನಮ್ಮಂಥ ಗೃಹಸ್ಥರೇ!) ಎಲ್ಲವೂ ಉಂಟು. ಆದರೂ ಉಪಾಧ್ಯಾಯರ ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇರಿಸಿಕೊಳ್ಳುವುದನ್ನು ನಾವು ಯಾವ ಕಷ್ಟದ ಹೆಸರಿನಲ್ಲಿಯೂ ಒಪ್ಪಲಾರೆವು. ಕೆಲಸ ಬಿಟ್ಟ ಮೇಲೆ ಇದೇ ಊರಿನಲ್ಲಿ ಪಾಠ ಹೇಳಕೂಡದೆಂದು ಬರೆಸಿಕೊಳ್ಳುವ ಷರತ್ತು ೧೮೭೨ರ ಕರಾರು ಕಾಯಿದೆಯ ೨೭ನೆಯ ಕಲಮಿನಂತೆ ಸಾಮಾನ್ಯವಾಗಿ ಅಸಿಂಧು. ಈ ಸಂಗತಿಯನ್ನರಿಯದೆ ಹೆದರಿ ಮನೆಯಲ್ಲಿ ಕುಳಿತ ತರುಣ ಉಪಾಧ್ಯಾಯಿನಿಯರು ವಾಚಕರ ಬಂಧುವರ್ಗದಲ್ಲಿಯೇ ಇರಬಹುದು, ಅವರಿಗೆ ತಿಳಿಸಿರಿ.

ಈ ಸಾಲಿನ ಶುಲ್ಕ ಕಟ್ಟುವಾಗ ಎರಡು ಪ್ರಶ್ನೆಗಳನ್ನು ಹಾಕಿನೋಡಬಹುದು: ಕಳೆದ ವರ್ಷ ಈ ತರಗತಿಗೆ ಪಾಠ ಹೇಳಿದವರು ಈಗಲೂ ಇಲ್ಲಿರುವರೆ? ಉತ್ತರಪತ್ರಿಕೆ ತಿದ್ದುವ ಹೊತ್ತಿಗೆ ಅವರಿಗೆ ಹಣ ಸಲ್ಲುವುದೆ? ಮೊದಲನೆಯದಕ್ಕೆ ಮೇಜಿನ ಆಚೆ ಕುಳಿತವರು ತಡವರಿಸಿದರೆ, ರಸೀದಿ ಬರೆಸುವುದನ್ನು ಒಂದು ದಿನ ಮುಂದೂಡಬಹುದು.