ಕಾಣಿಕೆಗೆ ಕ್ಯೂಆರ್ ಬರಲಿ, ಎಣಿಸುವ ಮೇಜೂ ಉಳಿಯಲಿ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ಮಾರಿದ ರೈತನ ಹಣ ಈಗ ಬ್ಯಾಂಕ್ ಖಾತೆಗೆ ಬೀಳುತ್ತದೆ. ಬೈರಮಂಗಲ ಸುತ್ತಲಿನ ಹಾಲು ಉತ್ಪಾದಕರ ಪ್ರೋತ್ಸಾಹಧನ, ಬಿಡದಿ ಕಾರ್ಖಾನೆಗಳ ಸಂಬಳ, ಉದ್ಯೋಗ ಖಾತ್ರಿಯ ಕೂಲಿ, 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲವೂ ಖಾತೆಗೇ ಬರುತ್ತವೆ. ಹೀಗಿರುವಾಗ ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಕ್ರೈಸ್ತರ ಊರಿನಲ್ಲಾಗಲಿ, ಪೇಟೆಯ ಚರ್ಚಿನಲ್ಲಾಗಲಿ, ಭಾನುವಾರದ ಕಾಣಿಕೆ ಮಾತ್ರ ನೋಟಿನಲ್ಲೇ ಬರಬೇಕೆಂದು ಕಾಯುವುದರಲ್ಲಿ ಅರ್ಥವಿಲ್ಲ. ಕ್ಯೂಆರ್ ಕೋಡ್ ಇಡುವುದು ಪಟ್ಟಣದ ಶೋಕಿಯಲ್ಲ, ಜನರ ದುಡ್ಡು ಇರುವ ಕಡೆಗೆ ಚರ್ಚು ಹೋಗುವುದಷ್ಟೆ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚು 2018ರಲ್ಲಿಯೇ 16,000ಕ್ಕೂ ಹೆಚ್ಚು ಆರಾಧನಾ ಸ್ಥಳಗಳಿಗೆ ಕಾರ್ಡ್ ಯಂತ್ರ ಪಡೆಯುವ ಅವಕಾಶ ಮಾಡಿಕೊಟ್ಟಿತು. ನಮ್ಮ ಸ್ಥಿತಿ ಅದಕ್ಕಿಂತ ಅನುಕೂಲದ್ದು. ಅಲ್ಲಿ ಪ್ರತಿ ಕಾರ್ಡ್ ಪಾವತಿಯಲ್ಲೂ ಒಂದಿಷ್ಟು ಶುಲ್ಕ ಮುರಿದುಕೊಳ್ಳುತ್ತಾರೆ. 2016ರಲ್ಲಿ ಬಂದ ಯುಪಿಐಗೆ 2020ರ ಜನವರಿಯಿಂದ ಆ ಶುಲ್ಕವೇ ಇಲ್ಲ. ಹತ್ತು ರೂಪಾಯಿ ಕೊಟ್ಟರೆ ಹತ್ತೂ ತಲುಪುತ್ತದೆ.

ಆದರೂ ಕಾಣಿಕೆ ಚೀಲದ ಜೊತೆಗೆ ಒಂದು ಒಳ್ಳೆಯ ಪದ್ಧತಿ ಬೆಳೆದು ಬಂದಿದೆ. ಆರಾಧನೆ ಮುಗಿದ ಮೇಲೆ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾರೆ. ನಾಣ್ಯ ಬೇರೆ, ನೋಟು ಬೇರೆ ಮಾಡಿ, ಮಡಚಿದ್ದನ್ನು ಬಿಡಿಸಿ, ಇಬ್ಬರು ಮೂವರು ಸೇರಿ ಎಣಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಆ ವಾರ ಎಷ್ಟು ಬಂತೆಂಬುದು ಕಡೇಪಕ್ಷ ಇಬ್ಬರಿಗೆ ಗೊತ್ತಿರುತ್ತದೆ. ಕ್ಯೂಆರ್ ಬಂದಾಗ ಆ ಮೇಜು ಖಾಲಿಯಾಗುತ್ತದೆ. ಹಣ ಬಂದದ್ದು ಖಾತೆಗೆ ಜೋಡಿಸಿದ ಮೊಬೈಲ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಕಾಣುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಯಾವ ಕೈಬರಹದ ಪುಸ್ತಕಕ್ಕಿಂತಲೂ ಗಟ್ಟಿಯಾದ ದಾಖಲೆ, ನಿಜ. ಆದರೆ ಅದನ್ನು ಒಬ್ಬರೇ ನೋಡುವುದಾದರೆ ಸಭೆಗೆ ಅದರಿಂದ ಏನೂ ಸಿಗಲಿಲ್ಲ. ನನ್ನ ವಾದವಿಷ್ಟೇ: ಡಿಜಿಟಲ್ ಕಾಣಿಕೆಯನ್ನು ಒಪ್ಪಿಕೊಳ್ಳುವ ಚರ್ಚು ಆ ಎಣಿಕೆಯ ಮೇಜನ್ನೂ ಬೇರೊಂದು ರೂಪದಲ್ಲಿ ಉಳಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಖಜಾಂಚಿಯ ಜೊತೆ ಇನ್ನಿಬ್ಬರು ಕೂತು ಸ್ಟೇಟ್‌ಮೆಂಟ್ ನೋಡಿ ಸಹಿ ಹಾಕಬೇಕು. ಕೊಟ್ಟವರ ಹೆಸರು ಬಿಟ್ಟು ಮೊತ್ತವನ್ನು ನೋಟಿಸ್ ಬೋರ್ಡಿಗೆ ಹಾಕಬೇಕು.

ಇದು ಹೊರಗಿನವರು ಹೇರುವ ನಿಯಮವಲ್ಲ. ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 537ನೇ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆನ್ನುತ್ತದೆ. 1267ನೇ ವಿಧಿಯ ಪ್ರಕಾರ ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು. ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೇ ಲೆಕ್ಕ ಒಪ್ಪಿಸಬೇಕೆಂದು 1287ನೇ ವಿಧಿ ಹೇಳುತ್ತದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲೂ ಸಮಿತಿ, ಖಜಾಂಚಿ, ವಾರ್ಷಿಕ ಲೆಕ್ಕದ ಪದ್ಧತಿ ಇದೆ. ಕಷ್ಟವಿರುವುದು ಬಾಡಿಗೆ ಕಟ್ಟಡದಲ್ಲಿ ನಡೆಯುವ ಸಣ್ಣ ಸ್ವತಂತ್ರ ಸಭೆಗಳಲ್ಲಿ. ನೋಂದಣಿ ಇಲ್ಲದಿದ್ದರೆ ಸಭೆಯ ಹೆಸರಿನಲ್ಲಿ ಖಾತೆ ತೆರೆಯುವುದು ಸುಲಭವಲ್ಲ, ಹಾಗಾಗಿ ಸಭಾಪಾಲಕರ ಸ್ವಂತ ನಂಬರೇ ಗೋಡೆಗೆ ಬರುತ್ತದೆ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಮನೆಯ ರೇಷನ್ ಖರ್ಚೂ ದಶಮಾಂಶವೂ ಒಂದೇ ಖಾತೆಯಲ್ಲಿ ಬೆರೆತ ಮೇಲೆ ಬಿಡಿಸಲು ಅವರಿಂದಲೂ ಆಗದು. ಸ್ಕ್ಯಾನ್ ಮಾಡಿದ ಕೂಡಲೇ ಪರದೆಯ ಮೇಲೆ ಹೆಸರೊಂದು ಬರುತ್ತದಲ್ಲ, ಅದು ಸಭೆಯದ್ದೋ ವ್ಯಕ್ತಿಯದ್ದೋ ಎಂದು ನೋಡುವ ಹಕ್ಕು ಹತ್ತು ರೂಪಾಯಿ ಕೊಡುವವರಿಗೂ ಇದೆ. ಯಾರೋ ಅಂಟಿಸಿದ ನಕಲಿ ಸ್ಟಿಕರ್ ಸಿಕ್ಕಿಬೀಳುವುದೂ ಅಲ್ಲೇ.

ಆಕ್ಷೇಪಗಳಲ್ಲಿ ನನಗೆ ಅತ್ಯಂತ ಗಂಭೀರವೆನಿಸುವುದು ಗುಟ್ಟಿನ ಪ್ರಶ್ನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ಯೇಸುವಿನ ಬೋಧನೆ. ಬಡ ವಿಧವೆಯ ಎರಡು ಕಾಸನ್ನು ಶ್ರೀಮಂತರ ಕಾಣಿಕೆಗಿಂತ ದೊಡ್ಡದೆಂದವನೂ ಅವನೇ. ಚೀಲದೊಳಗೆ ಹೋದ ಕೈ ಏನು ಬಿಟ್ಟಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಯುಪಿಐನಲ್ಲಿ ಹೆಸರು, ಮೊತ್ತ, ಸಮಯ ಎಲ್ಲವೂ ದಾಖಲಾಗುತ್ತದೆ. ಅಂಗಡಿಯಲ್ಲಿರುವಂತೆ ಸೌಂಡ್‌ಬಾಕ್ಸ್ ಇಟ್ಟು ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗಿಸಿದರಂತೂ ಕೊಟ್ಟವರ ಬಡತನವನ್ನು ಸಭೆಯ ಮುಂದೆ ಸಾರಿದಂತೆ. ಅದು ಚರ್ಚಿನೊಳಗೆ ಬರಲೇಬಾರದು. ಚಂದಾ ಮೊತ್ತವನ್ನು ಹೆಸರಿನ ಸಮೇತ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವ ಸಭೆಗಳೂ ಇರುವುದರಿಂದ, ಗುಟ್ಟು ಕೆಡಿಸಿದ್ದು ಮೊಬೈಲ್ ಒಂದೇ ಎನ್ನಲಾಗದು. ಹಾಗೆಂದು ಚೀಲವನ್ನು ತೆಗೆಯುವುದು ತಪ್ಪು. ಮೊಬೈಲ್ ಇಲ್ಲದ ಅಜ್ಜಿಗೂ, ಅಪ್ಪ ಕೊಟ್ಟ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಕಾಯುವ ಮಗುವಿಗೂ ಕಾಣಿಕೆ ಕೊಡುವುದು ಆರಾಧನೆಯ ಭಾಗ.

ತೆರಿಗೆಯ ಭಯವನ್ನೂ ಹಗುರವಾಗಿ ಕಾಣಬಾರದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಹಾಕಿದ್ದನ್ನು ಜನ ಮರೆತಿಲ್ಲ. ಪ್ರತಿಫಲ ಬಯಸದೆ ಕೊಡುವ ಕಾಣಿಕೆಗೆ ಜಿಎಸ್‌ಟಿ ಇಲ್ಲ. ಸಭಾಂಗಣದ ಬಾಡಿಗೆಯ ಮಾತು ಬೇರೆ: ದಿನಕ್ಕೆ 10,000 ರೂಪಾಯಿ ಮುಟ್ಟಿದರೆ ಧಾರ್ಮಿಕ ಸಂಸ್ಥೆಗಿರುವ ವಿನಾಯಿತಿ ಸಿಗುವುದಿಲ್ಲ. ಬಾಡಿಗೆಯೂ ಕಾಣಿಕೆಯೂ ಒಂದೇ ಕೋಡಿಗೆ ಬಂದರೆ ತೊಂದರೆ ತಾನಾಗಿ ಹುಟ್ಟುತ್ತದೆ. ಎರಡಕ್ಕೂ ಬೇರೆ ಬೇರೆ ಖಾತೆ ಇರಲಿ. ವಿದೇಶದಲ್ಲಿರುವ ಬಂಧುಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಡುವುದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಊರಿನ ಹಬ್ಬಕ್ಕೆಂದು ಕಳಿಸುವ ಸಣ್ಣ ಮೊತ್ತಕ್ಕೂ ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅದು ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕ್ಯೂಆರ್‌ನ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುನ್ನ ಖಜಾಂಚಿ ಇದಿಷ್ಟನ್ನೂ ಅದರ ಕೆಳಗೆ ಎರಡು ಸಾಲಿನಲ್ಲಿ ಬರೆಯಬಹುದು.